ಹಳೆ ಸರ್ವರಿಗೆ 47 ದಿನದ ಗಡುವು

ಬ್ರೌಸರಿನಲ್ಲಿ ವೆಬ್ ವಿಳಾಸದ ಹಿಂದೆ ನಿಂತಿರುವ ಟಿಎಲ್ಎಸ್ ಸರ್ಟಿಫಿಕೇಟಿಗೂ ಎಕ್ಸ್‌ಪೈರಿ ಡೇಟ್ ಇರುತ್ತೆ. ಗರಿಷ್ಠ 398 ದಿನ ಇದ್ದ ಅದರ ಆಯುಷ್ಯವನ್ನು ಕತ್ತರಿಸಲು, ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಕೊಡುವವರೂ ಸೇರಿರುವ ಸಿಎ/ಬ್ರೌಸರ್ ಫೋರಮ್ 2025ರ ಏಪ್ರಿಲ್‌ನಲ್ಲಿ ಒಪ್ಪಿತು. ಪ್ರಸ್ತಾವ ಆಪಲ್‌ನದು, ವಿರೋಧ ಮತ ಒಂದೂ ಬೀಳಲಿಲ್ಲ. 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ ಬರೀ 47.

ಕೀಲಿ ಕಳುವಾದಾಗ ಸರ್ಟಿಫಿಕೇಟ್ ರದ್ದು ಮಾಡಿದರೂ ಆ ಸುದ್ದಿ ಬ್ರೌಸರುಗಳಿಗೆ ಸರಿಯಾಗಿ ಮುಟ್ಟೋದಿಲ್ಲ. ಆಯುಷ್ಯ ಕಮ್ಮಿಯಾದಷ್ಟೂ ಕಳ್ಳನಿಗೆ ಅವಕಾಶ ಕಮ್ಮಿ. ಇದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರೋದು, ಈ ಕೆಲಸ ಯಾರ ತಲೆ ಮೇಲೆ ಬೀಳುತ್ತೆ ಅನ್ನೋದರಲ್ಲಿ. ಐಬಿಎಂ 1988ರಲ್ಲಿ ತಂದ ಎಎಸ್/400 ನೋಡಿ. ಮೇನ್‌ಫ್ರೇಮಿಗಿಂತ ಸಣ್ಣದು, ಪಿಸಿಗಿಂತ ದೊಡ್ಡದು, ಅದಕ್ಕೇ 'ಮಿಡ್‌ರೇಂಜ್'. ಅದರ ವಂಶದ ಐಬಿಎಂ ಐ ಇವತ್ತಿಗೂ ಗೋದಾಮು, ವಿಮೆ, ಬ್ಯಾಂಕುಗಳ ಲೆಕ್ಕ ನಡೆಸುತ್ತಿದೆ. ಸಣ್ಣ ಮಾಡೆಲ್ ಮೇಲೆ ಎಚ್‌ಟಿಟಿಪಿಎಸ್ ಅಂದ ತಕ್ಷಣ 'ಮಷೀನ್ ತಡೆಯಲ್ಲ ಸಾರ್' ಅನ್ನೋ ಮಾತು ಬರುತ್ತೆ. ಅದು ಅರ್ಧ ಸತ್ಯ. ಹೆಚ್ಚಿನ ಭಾರ ಇರೋದು ಸಂಪರ್ಕ ಶುರುವಾಗುವ ಹ್ಯಾಂಡ್‌ಶೇಕ್‌ನಲ್ಲಿ. 2048 ಬಿಟ್‌ನ ಆರ್‌ಎಸ್‌ಎ ಬದಲು 256 ಬಿಟ್‌ನ ಇಸಿಡಿಎಸ್‌ಎ ಕೀಲಿ ಹಾಕಿ, ಮತ್ತೆ ಬಂದವರಿಗೆ ಹಳೆ ಸೆಷನ್ನೇ ಮುಂದುವರಿಸಲು ಬಿಟ್ಟರೆ ಪ್ರೊಸೆಸರ್ ಉಸಿರಾಡುತ್ತೆ.

ಮಷೀನಿಗಿಂತ ಮೊದಲು ಸುಸ್ತಾಗೋದು ಮನುಷ್ಯ. ಡಿಜಿಟಲ್ ಸರ್ಟಿಫಿಕೇಟ್ ಮ್ಯಾನೇಜರ್ ತೆಗೆಯಬೇಕು, ಹೊಸ ಸರ್ಟಿಫಿಕೇಟ್ ಸೇರಿಸಬೇಕು, ಅದನ್ನು ಅಪ್ಲಿಕೇಶನ್ನಿಗೆ ಜೋಡಿಸಬೇಕು, ಆಮೇಲೆ ಸಾಮಾನ್ಯವಾಗಿ ವೆಬ್ ಸರ್ವರ್ ನಿಲ್ಲಿಸಿ ಎಬ್ಬಿಸಬೇಕು. ವರ್ಷಕ್ಕೊಮ್ಮೆ ಆದರೆ ಸಹಿಸಬಹುದು, 47 ದಿನದ ಲೆಕ್ಕಕ್ಕೆ ವರ್ಷಕ್ಕೆ ಎಂಟು ಸಲ! ಸ್ಕ್ರಿಪ್ಟ್ ಬರೆದು ತಾನಾಗೇ ಆಗುವಂತೆ ಮಾಡಬಹುದು, ಆದರೆ ಅದನ್ನು ಬರೆಯೋಕೂ ಜನ ಬೇಕಲ್ಲ.

ಮುಂದೊಂದು ಲಿನಕ್ಸ್ ಪ್ರಾಕ್ಸಿ ಇಟ್ಟು ಎನ್‌ಕ್ರಿಪ್ಶನ್ ಅಲ್ಲೇ ಮುಗಿಸೋದು ಸುಲಭದ ದಾರಿ. ನನಗೂ ಒಪ್ಪಿಗೆ, ಒಂದು ಷರತ್ತಿನ ಮೇಲೆ: ಪ್ರಾಕ್ಸಿಯಿಂದ ಹಳೆ ಮಷೀನಿನವರೆಗಿನ ದಾರಿ ಬಯಲಾಗಿರಬಾರದು. ಆಫೀಸಿನ ಒಳಗಿನ ಆ ತುಂಡಿಗೆ ನಮ್ಮದೇ ಸರ್ಟಿಫಿಕೇಟ್ ಕೊಟ್ಟುಕೊಳ್ಳಬಹುದು, 47 ದಿನದ ನಿಯಮ ಅದಕ್ಕೆ ಅನ್ವಯಿಸೋದಿಲ್ಲ.

ಬೆಂಗಳೂರಲ್ಲಿ ಕೂತು ಹೊರದೇಶದ ಕಂಪನಿಗಳ ಇಂಥ ಮಷೀನ್ ನೋಡಿಕೊಳ್ಳುವವರು ಮ್ಯಾನೇಜರನ್ನು ಈಗಲೇ ಕೇಳಬೇಕು: ಎಂಟು ಸಲದ ಈ ಕೆಲಸಕ್ಕೆ ಕಾಂಟ್ರಾಕ್ಟಿನಲ್ಲಿ ಗಂಟೆ ಬರೆದಿದೆಯಾ, ಇಲ್ಲಾ ನಮ್ಮ ಭಾನುವಾರಗಳಲ್ಲೇ ಕಳೀತೀರಾ?