ತುಕ್ಕು ಹಿಡಿಯದ ಪಾತ್ರೆಗೆ ತುಕ್ಕು ಏಕೆ?



ಈಚೆಗೆ ಸದ್ಭಕ್ತರೊಬ್ಬರ ಮನೆಯ ಗೃಹಪ್ರವೇಶಕ್ಕೆ ನಾವು ಹೋಗಿದ್ದೆವು. ಬಂದ ಆಯೇರಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಟೀಲಿನ ಪಾತ್ರೆಗಳು. ಗಂಗಾಳ, ತಂಬಿಗೆ, ಬೋಗುಣಿ, ಕೊಳಗ. ಒಂದೊಂದರ ಅಂಚಿನಲ್ಲಿಯೂ ಕೊಟ್ಟವರ ಹೆಸರು ಕೊರೆದಿತ್ತು. ಅವನ್ನು ಜೋಪಾನವಾಗಿ ಇಟ್ಟುಕೊಳ್ಳಿರೆಂದು ಮನೆಯ ಸೊಸೆಗೆ ಹೇಳಿದಾಗ, ಪಕ್ಕದಲ್ಲಿದ್ದ ಹಿರಿಯ ತಾಯಿಯೊಬ್ಬರು, “ಸ್ಟೀಲ್ ಪಾತ್ರೀರೀ ಅಯ್ಯನೋರ, ಅದಕ್ಕೇನಾಗತೈತಿ? ಹೆಂಗ ತಿಕ್ಕಿದರೂ ನಡೀತೈತಿ” ಎಂದು ನಕ್ಕರು. ನಮ್ಮ ತಿಳಿವಳಿಕೆಯೂ ಬಹುಕಾಲ ಅಷ್ಟೇ ಆಗಿತ್ತು. ಅದನ್ನು ತಿದ್ದಿದ್ದು ಮಠದ ಒಂದು ಕೊಳಗ. ಆ ಸಂಗತಿಯನ್ನು ಈ ಸಂಚಿಕೆಯಲ್ಲಿ ನಿಮ್ಮ ಮುಂದಿಡಬೇಕೆಂದಿದ್ದೇವೆ.

ನಮ್ಮ ಬಾಲ್ಯದಲ್ಲಿ ಅಡುಗೆಮನೆಯೆಂದರೆ ತಾಮ್ರ ಹಿತ್ತಾಳೆಗಳ ರಾಜ್ಯ. ಹುಣಸೆಹಣ್ಣು, ಬೂದಿ ಹಚ್ಚಿ ತಾಯಂದಿರು ಕೈ ಸವೆಯುವಂತೆ ತಿಕ್ಕುತ್ತಿದ್ದರು. ಕಲಾಯಿ ಹೋದರೆ ಹುಳಿ ಪದಾರ್ಥ ಕಿಲುಬುತ್ತಿತ್ತು. ಕಲಾಯಿಯವನು ಬರುವ ತನಕ ಆ ಪಾತ್ರೆ ಮೂಲೆ ಸೇರುತ್ತಿತ್ತು. ಸ್ಟೀಲು ಬಂದು ಈ ಕಷ್ಟವನ್ನು ನೀಗಿಸಿತು. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ 1913ರಲ್ಲಿ ಹ್ಯಾರಿ ಬ್ರೇರ್ಲಿ ಎಂಬ ಲೋಹತಜ್ಞರು, ಬೇಗ ಸವೆಯದ ಬಂದೂಕಿನ ನಳಿಗೆಗಾಗಿ ಹುಡುಕುತ್ತ, ಉಕ್ಕಿನಲ್ಲಿ ಕ್ರೋಮಿಯಂ ಬೆರೆಸಿ ನೋಡಿದರು. ಆ ಉಕ್ಕಿಗೆ ತುಕ್ಕು ಸುಲಭವಾಗಿ ತಾಗದೆಂಬುದು ಅವರ ಕಣ್ಣಿಗೆ ಬಿದ್ದಿತು. ಬಂದೂಕಿಗೆಂದು ಆರಂಭವಾದ ಶೋಧವು ಅನ್ನದ ಪಾತ್ರೆಯಾಗಿ ನಮ್ಮ ಮನೆ ಸೇರಿದ್ದು ಲೋಕಕ್ಕೆ ಒಳಿತೇ ಆಯಿತು.

ಸ್ಟೇನ್‌ಲೆಸ್ ಸ್ಟೀಲ್ ಎನ್ನಿಸಿಕೊಳ್ಳಲು ಉಕ್ಕಿನಲ್ಲಿ ನೂರಕ್ಕೆ ಹತ್ತೂವರೆ ಭಾಗವಾದರೂ ಕ್ರೋಮಿಯಂ ಇರಬೇಕು. ಅಡುಗೆಯ ಉತ್ತಮ ಪಾತ್ರೆಗಳಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. ಗಾಳಿಯಲ್ಲಿರುವ ಆಮ್ಲಜನಕದೊಡನೆ ಕ್ರೋಮಿಯಂ ಕೂಡಿ ಪಾತ್ರೆಯ ಮೈಮೇಲೆ ಒಂದು ಪೊರೆ ಕಟ್ಟುತ್ತದೆ. ಅದು ಕಣ್ಣಿಗೆ ಕಾಣದು. ಕೂದಲೆಳೆಯ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ತೆಳು. ಉಕ್ಕನ್ನು ಕಾಯುವುದು ಈ ಪೊರೆಯೇ. ಗೀರು ಬಿದ್ದರೆ, ಮೈ ಶುಚಿಯಾಗಿದ್ದು ಗಾಳಿಯಾಡುತ್ತಿದ್ದರೆ, ಅದು ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಅದಕ್ಕೊಂದು ವೈರಿಯುಂಟು. ಉಪ್ಪಿನಲ್ಲಿರುವ ಕ್ಲೋರೈಡ್ ಅಂಶವು ಒಂದೇ ಕಡೆ ಬಹಳ ಹೊತ್ತು ನಿಂತರೆ ಪೊರೆಯನ್ನು ಸೂಜಿಮೊನೆಯಷ್ಟು ಜಾಗದಲ್ಲಿ ಭೇದಿಸಿ ಒಳಗೊಳಗೇ ಕೊರೆಯುತ್ತದೆ.

ಈಗ ನಮ್ಮ ಕೊಳಗದ ಮಾತು. ಬಹಳ ವರ್ಷಗಳ ಹಿಂದೆ ಮಠದ ದಾಸೋಹದ ಮೇಲ್ವಿಚಾರಣೆ ನಮ್ಮ ಪಾಲಿಗೆ ಬಂದಿತ್ತು. ಎರಡೆಕರೆ ಹೊಲದ ವೃದ್ಧ ತಾಯಿಯೊಬ್ಬರು ಹತ್ತಿ ಮಾರಿದ ಹಣದಲ್ಲಿ ದೊಡ್ಡ ಸ್ಟೀಲ್ ಕೊಳಗವೊಂದನ್ನು ತಂದು, ಲಿಂಗೈಕ್ಯರಾದ ಪತಿಯ ಹೆಸರು ಕೊರೆಸಿ, ಜಾತ್ರೆಯ ಸಾರಿಗೆಂದು ಅರ್ಪಿಸಿದರು. ಆ ಮಳೆಗಾಲ ಸುತ್ತಲ ಊರುಗಳಲ್ಲಿ ವಾಂತಿಭೇದಿ ಹಬ್ಬಿತು. ಪಾತ್ರೆಗಳು ಶುದ್ಧವಾಗಿರಲೆಂದು, ದಿನವೂ ರಾತ್ರಿ ಅವುಗಳಲ್ಲಿ ಬ್ಲೀಚಿಂಗ್ ಪುಡಿಯ ನೀರು ತುಂಬಿ ಬೆಳಗಿನವರೆಗೆ ಬಿಡಬೇಕೆಂದು ನಾವು ಅಪ್ಪಣೆ ಮಾಡಿದೆವು. ನಾಲ್ಕಾರು ತಿಂಗಳು ಹಾಗೆಯೇ ನಡೆಯಿತು. ಮುಂದಿನ ಜಾತ್ರೆಗೆ ಕೊಳಗವನ್ನು ಹೊರತೆಗೆದರೆ ಒಳಗೆಲ್ಲ ಕಂದು ಚುಕ್ಕೆ. ತಳದಲ್ಲಿ ಹನಿಹನಿಯಾಗಿ ನೀರು ಜಿನುಗುತ್ತಿತ್ತು.

ನಾವು ಸಿಟ್ಟಾದೆವು. ಮುಸುರೆ ತಿಕ್ಕುವ ತಾಯಿಯನ್ನು ಪ್ರಸಾದ ನಿಲಯದಲ್ಲಿ ನಾಲ್ವರ ಮುಂದೆ ನಿಲ್ಲಿಸಿ, ಭಕ್ತರ ವಸ್ತುವನ್ನು ಕಡೆಗಣಿಸಿದಿರೆಂದು ಕಟುವಾಗಿ ಆಡಿದೆವು. ಆಕೆ ತಲೆ ತಗ್ಗಿಸಿ, “ನೀವ ಹೇಳಿದ್ರಲ್ಲರೀ ಅಯ್ಯನೋರ, ರಾತ್ರಿ ಪುಡಿ ನೀರು ತುಂಬಿ ಬಿಡ್ರಿ ಅಂತ. ಅವತ್ತಿನಿಂದ ಇದರ ಮೈ ಕೆಟ್ಟೈತಿ ನೋಡ್ರಿ” ಎಂದರು. ಆ ಮಾತನ್ನು ನಾವು ಅಂದು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲವು ದಿನಗಳ ಬಳಿಕ, ಹಾಲಿನ ಡೇರಿಯಲ್ಲಿ ದುಡಿದು ಸ್ಟೀಲಿನ ಗುಣ ಬಲ್ಲ ಭಕ್ತರೊಬ್ಬರು ಕೊಳಗವನ್ನು ನೋಡಿ, ಬ್ಲೀಚಿಂಗ್ ಪುಡಿಯ ಕ್ಲೋರಿನ್ ಸ್ಟೀಲಿನ ಪೊರೆಯನ್ನು ಮುರಿಯುತ್ತದೆ, ರಾತ್ರಿಯಿಡೀ ನಿಲ್ಲಿಸಿದರೆ ಹೀಗೆ ತೂತಾಗುತ್ತದೆ ಎಂದು ಬಿಡಿಸಿ ಹೇಳಿದರು. ಪಾತ್ರೆಯನ್ನು ದಿನವೂ ಕೈಯಲ್ಲಿ ಹಿಡಿದಾಕೆಗೆ ತಿಳಿದದ್ದು ಗ್ರಂಥಗಳ ನಡುವೆ ಕುಳಿತ ನಮಗೆ ತಿಳಿದಿರಲಿಲ್ಲ.

ಬೈದ ಜಾಗದಲ್ಲಿಯೇ, ಅದೇ ನಾಲ್ವರ ಮುಂದೆ, ತಪ್ಪು ನಮ್ಮದೆಂದು ಆ ತಾಯಿಗೆ ಕೈಮುಗಿದು ಒಪ್ಪಿಕೊಂಡೆವು. “ಇರ್ಲಿ ಬಿಡ್ರಿ ಅಯ್ಯನೋರ. ಇನ್ನ ಮ್ಯಾಲರ ಉಳಿದ ಕೊಳಗ ಉಳೀಲಿ” ಎಂದಷ್ಟೇ ಅವರು ನುಡಿದರು. ಅವುಗಳನ್ನು ಉಳಿಸಿದ ಕ್ರಮವನ್ನೇ ಈಗ ನಿಮಗೆ ಅರಿಕೆ ಮಾಡುತ್ತೇವೆ.

ಮೊದಲನೆಯದು, ಉಪ್ಪನ್ನು ತಣ್ಣೀರಿಗೆ ಹಾಕಬಾರದು. ಅದು ತಳದಲ್ಲಿ ಕುಳಿತು ಚುಕ್ಕೆ ಬೀಳಿಸುತ್ತದೆ. ನೀರು ಕುದಿ ಬಂದ ಮೇಲೆ ಹಾಕಿ ಕೈಯಾಡಿಸಬೇಕು. ಉಪ್ಪಿನಕಾಯಿಗೆ ಪಿಂಗಾಣಿ ಭರಣಿ ಇಲ್ಲವೆ ಗಾಜಿನ ಜಾಡಿಯೇ ಯೋಗ್ಯ. ಸಾರು, ಹುಳಿ ಪದಾರ್ಥಗಳನ್ನು ಸ್ಟೀಲಿನಲ್ಲಿ ರಾತ್ರಿಯಿಡೀ ಬಿಡಬಾರದು.

ಎರಡನೆಯದು, ಕಬ್ಬಿಣದ ನಾರಿನಿಂದ ತಿಕ್ಕಬಾರದು. ಅದರ ಕಣಗಳು ಸ್ಟೀಲಿನ ಮೈಗೆ ಅಂಟಿ ತಾವೇ ತುಕ್ಕಾಗುತ್ತವೆ. ಪಾತ್ರೆಯೇ ಕೆಟ್ಟಿತೆಂದು ನಾವು ಭ್ರಮಿಸುತ್ತೇವೆ. ತೆಂಗಿನ ನಾರು ಅಥವಾ ಮೆತ್ತನೆಯ ಸ್ಪಂಜು ಸಾಕು. ಮೈಯಲ್ಲಿ ಗೆರೆಗಳು ಕಾಣುವ ಸ್ಟೀಲನ್ನು ಆ ಗೆರೆಗಳ ಗುಂಟವೇ ಉಜ್ಜಬೇಕು. ಹಿತ್ತಾಳೆಗೆ ಒಗ್ಗುವ ಮರಳು, ಇಟ್ಟಿಗೆ ಪುಡಿ ಇದಕ್ಕೆ ಸಲ್ಲವು.

ಮೂರನೆಯದು, ತಳ ಹತ್ತಿದರೆ ಬಲ ಪ್ರಯೋಗ ಬೇಡ. ನೀರು ತುಂಬಿ ಒಂದೆರಡು ಚಮಚೆ ಅಡುಗೆ ಸೋಡ ಹಾಕಿ ಕೆಲವು ನಿಮಿಷ ಕುದಿಸಿ, ಆರಲು ಬಿಟ್ಟರೆ ಕರಕಲು ಮೆತ್ತಗಾಗಿ ಬಿಡುತ್ತದೆ. ಸವಳು ನೀರಿನ ಊರುಗಳಲ್ಲಿ ಕೂಡುವ ಬಿಳಿಯ ಕಲೆಗೂ, ಅತಿ ಕಾವಿನಿಂದ ಮೂಡುವ ಕಾಮನಬಿಲ್ಲಿನ ಬಣ್ಣಕ್ಕೂ ನಿಂಬೆರಸ ಹಚ್ಚಿ ತುಸು ಹೊತ್ತು ಬಿಟ್ಟು ತೊಳೆಯಬೇಕು. ಮೇಲುಮೇಲಿನ ತುಕ್ಕಿನ ಚುಕ್ಕೆಗೂ ಇದೇ ಮದ್ದು. ಆಳಕ್ಕಿಳಿದ ಕುಳಿಗೆ ಮಾತ್ರ ಮನೆಯ ಮದ್ದಿಲ್ಲ.

ನಾಲ್ಕನೆಯದು, ತೊಳೆದ ಪಾತ್ರೆಯನ್ನು ಒದ್ದೆಯಾಗಿ ಒಂದರೊಳಗೊಂದು ಸೇರಿಸದೆ, ಒರೆಸಿ ಗಾಳಿಗೆ ಬಿಡಬೇಕು. ಪೊರೆಗೆ ಗಾಳಿಯೇ ಆಹಾರ. ರೋಗದ ಭಯವಿದ್ದಾಗ ಪಾತ್ರೆಗೆ ಕುದಿನೀರು ಹಾಯಿಸಿದರಾಯಿತು.

ಕೊಳ್ಳುವಾಗ ಅಯಸ್ಕಾಂತ ಹಿಡಿದು ನೋಡುವ ರೂಢಿಯುಂಟು. ಅಯಸ್ಕಾಂತ ಅಂಟದಿದ್ದ ಮಾತ್ರಕ್ಕೆ ಉತ್ತಮ ಸ್ಟೀಲೆಂದು ನಂಬಬಾರದು. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಬೆರೆಸಿದ ಅಗ್ಗದ ಸ್ಟೀಲಿಗೂ ಅದು ಅಂಟುವುದಿಲ್ಲ. ತುಕ್ಕು ಮಾತ್ರ ಅದಕ್ಕೆ ಬೇಗ ತಾಗುತ್ತದೆ.

ಉಂಡ ತಟ್ಟೆಯನ್ನು ಒಂದಗುಳೂ ಬಿಡದಂತೆ ಬಳಿದು, ಅದಕ್ಕೆ ನೀರು ಹಾಕಿ ತೊಳೆದು, ಆ ನೀರನ್ನೂ ಸೇವಿಸುವುದು ನಮ್ಮಲ್ಲಿ ಪ್ರಸಾದದ ಸಂಪ್ರದಾಯ. ಅನ್ನ ವ್ಯರ್ಥವಾಗಬಾರದೆಂಬ ನಿಷ್ಠೆ ಅದರ ಮೂಲ. ಹಾಗೆ ಉಂಡವರ ಗಂಗಾಳದಲ್ಲಿ ಉಪ್ಪು ಒಣಗಿ ನಿಲ್ಲುವುದೂ ಇಲ್ಲ, ತಿಕ್ಕುವವರ ಕೈ ನೋಯುವುದೂ ಇಲ್ಲ. ಮಡಿವಾಳ ಮಾಚಿದೇವರನ್ನು ನೆನೆಯುವ ನಾವು ಒಂದನ್ನು ಮರೆಯಬಾರದು: ಕೊಳೆ ಹೋಗಬೇಕು, ಬಟ್ಟೆ ಹರಿಯಬಾರದು, ಶುಚಿಗೊಳಿಸುವ ಕಾಯಕದ ಮರ್ಮವಿರುವುದು ಇಲ್ಲಿಯೇ. ಪಾತ್ರೆಗೂ ಅದೇ ನ್ಯಾಯ, ಪಾತ್ರೆ ತೊಳೆಯುವವರೊಡನೆ ಆಡುವ ಮಾತಿಗೂ ಅದೇ ನ್ಯಾಯ.

ಕೊಳಗವನ್ನು ಅರ್ಪಿಸಿದ ತಾಯಿ ಆ ಜಾತ್ರೆಗೆ ಬಂದಾಗ ಅವರಿಗೂ ನಿಜವನ್ನೇ ಹೇಳಿದೆವು. ಅವರು ಪತಿಯ ಹೆಸರಿನ ಮೇಲೊಮ್ಮೆ ಕೈಯಾಡಿಸಿ, ಕಾಳು ತುಂಬಲಿಕ್ಕಾದರೂ ಬರುತ್ತದೆಂದರು. ಅಂದಿನಿಂದ ದಾಸೋಹದ ಜೋಳ ಅದರಲ್ಲಿಯೇ ಇರುತ್ತದೆ.