ದ್ವೀಪಯಾತ್ರೆಯೂ ಗಾಳವೂ

ಜಯನಗರದ ಶರಣಬಂಧುಗಳೊಬ್ಬರು ಕೇಳಿದ್ದಾರೆ: ಮಗನು ಗೆಳೆಯರೊಡನೆ ಲಕ್ಷದ್ವೀಪಕ್ಕೆ ಹೋಗಿ ‘ಫ್ಲೈ ಫಿಶಿಂಗ್’ ಮಾಡುವನಂತೆ, ಹಿಡಿದ ಮೀನನ್ನು ಮರಳಿ ನೀರಿಗೇ ಬಿಡುವನಂತೆ, ಒಪ್ಪಬಹುದೇ?

ಆ ದ್ವೀಪಗಳು ನಮಗೆ ತೀರ ಪರಕೀಯವಲ್ಲ. ಅಮೀನಿ, ಕಡ್ಮತ್, ಕಿಲ್ತಾನ್ ಮೊದಲಾದವು 1956ರವರೆಗೆ ಆಗಿನ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇಂದು ಪ್ರವೇಶಪತ್ರವಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ಮೊದಲು ಅದರ ವ್ಯವಸ್ಥೆಯಾಗಲಿ. ಮಳೆಗಾಲವನ್ನು ಬಿಡಬೇಕು. ದಿನ ಗೊತ್ತುಮಾಡಲು ಮನೆಯ ಪಂಚಾಂಗವೇ ನೆರವಾದೀತು: ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವಿಳಿತಗಳ ಅಂತರ ಹೆಚ್ಚು. ಉಬ್ಬರದೊಡನೆ ಮೀನುಗಳು ಹವಳದಿಬ್ಬದೊಳಗಿನ ಮರಳುಹಾಸಿಗೆ ಏಡಿ, ಸಿಗಡಿಗಳನ್ನರಸಿ ಬರುತ್ತವೆ. ಮೊಣಕಾಲುದ್ದದ ನೀರಿನಲ್ಲಿ ನಿಂತು, ಮೀನನ್ನು ಕಣ್ಣಾರೆ ಕಂಡು, ಗರಿ-ನೂಲುಗಳಿಂದ ಕಟ್ಟಿದ ಹುಸಿಸಿಗಡಿಯನ್ನು ಅದರ ಮುಂದೆ ಎಸೆಯುವುದೇ ಈ ವಿದ್ಯೆ. ಹವಳವನ್ನು ತುಳಿಯಬಾರದು, ಅದು ಜೀವವುಳ್ಳದ್ದು. ಚೂರನ್ನು ತರುವುದೂ ಅಪರಾಧ.

ಇನ್ನು ಮೂಲಪ್ರಶ್ನೆ. ಗಾಳದ ಒಳಮುಳ್ಳನ್ನು ಚಪ್ಪಟೆ ಮಾಡಿ, ಒದ್ದೆ ಕೈಯಿಂದ, ನೀರಿನಿಂದೆತ್ತದೆಯೇ ಬಿಡಿಸಿದರೆ ಹಾನಿ ತಗ್ಗುತ್ತದೆ; ಇಲ್ಲವಾಗದು. ಬಿಟ್ಟ ಮೀನೆಲ್ಲ ಬದುಕುವುದೂ ಇಲ್ಲ. ದಣಿದದ್ದನ್ನು ಶಾರ್ಕ್ ಹಿಡಿಯುವುದುಂಟು. ದ್ವೀಪದವರು ಕೋಲುಗಾಳದಿಂದ ಟ್ಯೂನಾ ಹಿಡಿಯುವುದು ಹೊಟ್ಟೆಪಾಡಿಗಾಗಿ. ತಿನ್ನದ ನಮ್ಮ ಮನೆಯ ಹುಡುಗನಿಗೆ ಆ ನೆವವೂ ಇಲ್ಲ. ನಾವಾದರೆ ಯಾತ್ರೆಗೆ ಸಂತೋಷದಿಂದ ಒಪ್ಪಿ, ಗಾಳವನ್ನು ಜಯನಗರದಲ್ಲಿಯೇ ಇರಿಸಿಕೊಳ್ಳುತ್ತಿದ್ದೆವು. ಅವೇ ಮೀನುಗಳನ್ನು ಮುಖಗನ್ನಡಕ, ಉಸಿರುಕೊಳವೆ ತೊಟ್ಟು ನೀರಿನೊಳಗೇ ನೋಡಬಹುದು. ಈಜು ಬಾರದಿದ್ದರೆ ಹೊರಡುವ ಮೊದಲು ಕಲಿಯಲಿ.