ಮಷೀನ್ ಕೊಟ್ಟಿದ್ದೀರಿ, ಸರಿ. ಹೊಲಿದ ಕೈಗೆ ಬೆಲೆ ಯಾವಾಗ ಕೊಡ್ತೀರಿ?



ಮದುವೆ ಮನೆಯಲ್ಲಿ ಊಟ ಮುಗಿಸಿ ಹೊರಡುವಾಗ ಕೈಗೆ ಕೊಡುವ ತಾಂಬೂಲದ ಚೀಲ ನೋಡಿದ್ದೀರಲ್ಲ? ಮೊದಲೆಲ್ಲ ಪ್ಲಾಸ್ಟಿಕ್ ಕವರ್ ಇರ್ತಿತ್ತು. 2016ರಲ್ಲಿ ನಮ್ಮ ರಾಜ್ಯ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. 2022ರ ಜುಲೈನಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಲ್ಲೆಲ್ಲ ನಿಷೇಧವಾದವು. ಈಗ ಬಟ್ಟೆ ಚೀಲ, ಸೀರೆ ಬಣ್ಣಕ್ಕೆ ಹೊಂದುವ ಪೊಟ್ಲಿ ಬ್ಯಾಗು, ಕುಚ್ಚು, ಹೇರ್ ಬ್ಯಾಂಡು, ಎಲ್ಲವನ್ನೂ ಹೇಳಿ ಮಾಡಿಸೋದು ರೂಢಿ. ಇವನ್ನೆಲ್ಲ ಹೊಲಿಯೋರು ಯಾರು? ಮನೆಯ ಒಂದು ಮೂಲೆಯಲ್ಲಿ ಮಷೀನ್ ಇಟ್ಟುಕೊಂಡಿರುವ ಹೆಣ್ಣುಮಕ್ಕಳು. ಅವರಲ್ಲಿ ನಮ್ಮ ಕೇರಿ, ಕಾಲೋನಿ, ತಾಂಡಾಗಳ ಹೆಣ್ಣುಮಕ್ಕಳೂ ಬಹಳ ಜನ ಇದ್ದಾರೆ.

ನಮ್ಮ ಮನೆಯಲ್ಲಿ ನೀರು ಕುಡಿಯದವರು, ನಮ್ಮ ಹೆಣ್ಣುಮಕ್ಕಳು ಹೊಲಿದ ಚೀಲದಲ್ಲಿ ಕಾಯಿ, ಎಲೆ ಅಡಿಕೆ ಹಾಕಿ ನೂರಾರು ಜನಕ್ಕೆ ಹಂಚುತ್ತಾರೆ. ಚೀಲಕ್ಕೆ ಮೈಲಿಗೆ ಇಲ್ಲ, ಹೊಲಿದ ಕೈಗೆ ಮಾತ್ರ ಇದೆ! ಇದೆಂಥ ಲೆಕ್ಕ?

ನನಗೆ ಗೊತ್ತಿರೋ ಒಬ್ಬ ಹೆಣ್ಣುಮಗಳು ಚೀಲ, ಪರ್ಸು, ಬ್ಲೌಸು ಹೊಲಿದು ಮೊಬೈಲಲ್ಲಿ ವಿಡಿಯೋ ಹಾಕಿ ಆರ್ಡರ್ ತಗೋತಾಳೆ. ಕೆಲಸ ಅಚ್ಚುಕಟ್ಟು, ಹೇಳಿದ ದಿನಕ್ಕೆ ಕೊಡ್ತಾಳೆ. ಒಂದ್ಸಲ ಅಳತೆ ಬ್ಲೌಸು ಕೊಡೋಕೆ ಅಂತ ಮನೆ ಹುಡುಕಿಕೊಂಡು ಬಂದ ಒಬ್ಬ ಗಿರಾಕಿ ಗೋಡೆ ಮೇಲಿನ ಬಾಬಾಸಾಹೇಬರ ಫೋಟೋ ನೋಡಿದರು, "ಆಮೇಲೆ ಫೋನ್ ಮಾಡ್ತೀನಮ್ಮ" ಅಂತ ಹೋದರು, ಫೋನ್ ಬರಲೇ ಇಲ್ಲ. "ಅಣ್ಣಾ, ಈಗ ಫೋಟೋ ವಿಡಿಯೋದಲ್ಲಿ ಕಾಣದ ಹಾಗೆ ಮಷೀನ್ ತಿರುಗಿಸಿ ಇಟ್ಕೊಂಡಿದೀನಿ. ಬಟ್ಟೆ ಈಸ್ಕೊಳ್ಳೋದು, ಕೊಡೋದು ಎಲ್ಲ ಬಸ್ ಸ್ಟ್ಯಾಂಡ್ ಹತ್ರಾನೇ" ಅಂದಳು.

ಆಕೆಯನ್ನು ದೂರೋಕೆ ನನಗೆ ಬಾಯಿ ಬರಲ್ಲ. ಸಂಘದ ಸಾಲದ ಕಂತು ವಾರ ವಾರ ಕಟ್ಟಬೇಕು, ಮಕ್ಕಳ ಫೀಸು ಕಟ್ಟಬೇಕು. ಆದರೆ ಫೋಟೋ ಮರೆಮಾಡಿದರೆ ಮಾತ್ರ ವ್ಯಾಪಾರ ಅನ್ನೋ ಸ್ಥಿತಿ ಇದ್ದಾಗ, "ಈಗೆಲ್ಲಿದೆ ಜಾತಿ? ಆನ್‌ಲೈನಲ್ಲಿ ಯಾರು ಕೇಳ್ತಾರೆ?" ಅನ್ನೋರು ಆ ತಿರುಗಿಸಿಟ್ಟ ಮಷೀನ್ ಒಮ್ಮೆ ನೋಡಬೇಕು.

ಬಟ್ಟೆಗೂ ನಮಗೂ ಇರೋ ಜಗಳ ಹಳೇದು. ಒಳ್ಳೆ ಬಟ್ಟೆ ಉಟ್ಟರೆ ಹೊಡೆತ, ಹಳೇ ಬಟ್ಟೆ ಕೊಟ್ಟರೆ ಕೈಮುಗಿದು ತಗೋಬೇಕಿತ್ತು. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ತಾಯಂದಿರಿಗೆ, ಜಾತಿ ಗುರುತು ಹೇಳುವ ಹಾಗೆ ಸೀರೆ ಉಡೋದು ಬಿಡಿ, ಒಡವೆಗಳನ್ನು ತೆಗೀರಿ ಎಂದು ತಿಳಿಹೇಳಿದ್ದರು. ಆ ತಾಯಂದಿರು ಕೂಡಲೇ ಉಡುವ ರೀತಿ ಬದಲಿಸಿಕೊಂಡರು. ಉಡೋದರಲ್ಲಿ ಗೆದ್ದ ಆ ಮಾನವನ್ನು ಹೊಲಿದು ಮಾರುವಾಗಲೂ ನಾವು ಗೆಲ್ಲಬೇಕು.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಅದೇ ಹೆಣ್ಣುಮಗಳಿಗೆ 100 ತಾಂಬೂಲದ ಚೀಲದ ಆರ್ಡರ್ ಬಂತು. ಚೌಕಾಸಿ ಮಾಡಿ ಚೀಲಕ್ಕೆ 45 ರೂಪಾಯಿಗೆ ಇಳಿಸಿದರು. ಬಟ್ಟೆ, ಲೈನಿಂಗ್, ಬಾರ್ಡರ್, ದಾರ ಸೇರಿ 31 ರೂಪಾಯಿ ಹೋಯ್ತು. ಉಳಿದದ್ದು 14. ನೂರು ಚೀಲಕ್ಕೆ 1,400. ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡೋಕೆ ಪೂರ್ತಿ ಐದು ದಿನ. ದಿನಕ್ಕೆ 280 ರೂಪಾಯಿ ಬಿತ್ತು. ಅದರಲ್ಲೇ ಕರೆಂಟು, ಸೂಜಿ, ಬಟ್ಟೆ ತರೋಕೆ ಹೋದ ಬಸ್ ಚಾರ್ಜು. ನಮ್ಮ ರಾಜ್ಯದಲ್ಲಿ 2025-26ರ ನರೇಗಾ ದಿನಗೂಲಿಯೇ 370 ರೂಪಾಯಿ. ಅಂದರೆ ಕಸುಬು ಕಲಿತು, ಮಷೀನ್ ಇಟ್ಟುಕೊಂಡು ದುಡಿದವಳಿಗೆ ಮಣ್ಣು ಹೊತ್ತವರಿಗಿಂತ ಕಡಿಮೆ! ಅಂಥದ್ದೇ ಚೀಲ ಸಿಟಿ ಬುಟೀಕಿನ ಗಾಜಿನ ಹಿಂದೆ 'ಹ್ಯಾಂಡ್‌ಮೇಡ್' ಅನ್ನೋ ಚೀಟಿ ಹಚ್ಚಿಕೊಂಡು ಕೂತರೆ ಯಾರೂ ಚೌಕಾಸಿ ಮಾಡಲ್ಲ.

ಸರ್ಕಾರ ಏನು ಮಾಡ್ತಿದೆ? ಮಷೀನ್ ಹಂಚುತ್ತೆ. ಶಾಸಕರ ಕೈಯಿಂದ ಮಷೀನ್, ಫೋಟೋ, ಮರುದಿನ ಪೇಪರಲ್ಲಿ ಸುದ್ದಿ. ಬೇಡ ಅಂತ ನಾನು ಹೇಳಲ್ಲ. ಆದರೆ ಒಂದು ಕೇರಿಗೆ ಹತ್ತು ಮಷೀನ್ ಕೊಟ್ಟು ಆರ್ಡರ್ ಕೊಡದಿದ್ರೆ ಆಗೋದೇನು? ಹತ್ತು ಜನ ಒಬ್ಬರ ಮೇಲೊಬ್ಬರು ರೇಟು ಇಳಿಸಿಕೊಂಡು ಅದೇ ನಾಲ್ಕು ಬ್ಲೌಸಿಗೆ ಬಡಿದಾಡೋದು.

ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್‌ನಲ್ಲಿ ಶುರುವಾಯ್ತು. 18 ಕಸುಬುಗಳಲ್ಲಿ ಟೈಲರಿಂಗ್ ಕೂಡ ಇದೆ. ಸಲಕರಣೆಗೆ 15,000 ರೂಪಾಯಿವರೆಗೆ, ತರಬೇತಿಯಲ್ಲಿ ದಿನಕ್ಕೆ 500, ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಅರ್ಹತೆ ಇರೋರು ಬಿಡಬೇಡಿ, ಅದು ನಮ್ಮ ತೆರಿಗೆ ದುಡ್ಡೇ. ಆದರೆ ಅದರ ಭಾಷೆ ಗಮನಿಸಿ: ಗುರು-ಶಿಷ್ಯ ಪರಂಪರೆ, ಕುಟುಂಬದಿಂದ ಬಂದ ಸಾಂಪ್ರದಾಯಿಕ ಕಸುಬು. ಜಾತಿ ಬರೀ ಕೆಲಸವನ್ನಲ್ಲ, ಕೆಲಸಗಾರರನ್ನೇ ಮೇಲು ಕೀಳು ಮಾಡಿ ಭಾಗ ಮಾಡುತ್ತೆ ಅಂತ ಬಾಬಾಸಾಹೇಬರು 1936ರಲ್ಲೇ ಬರೆದರು. ನಮ್ಮ ಹೆಣ್ಣುಮಕ್ಕಳಿಗೆ ಟೈಲರಿಂಗ್ ಕುಲಕಸುಬಲ್ಲ. ಕೂಲಿಯಿಂದ, ಜೀತದಿಂದ ಹೊರಬರೋಕೆ ಅವರೇ ಆರಿಸಿಕೊಂಡದ್ದು. ಪರಂಪರೆಯ ಹೊಗಳಿಕೆ ನಮಗೆ ಬೇಕಿಲ್ಲ, ಮಾರುಕಟ್ಟೆಯಲ್ಲಿ ಜಾಗ ಬೇಕು.

ಮಾಡೋಕಾಗಲ್ವಾ? ಆಗುತ್ತೆ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳನ್ನು ನೋಡಿ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಮಾನ್ಯತೆ ಬಂತು. 2023ರಲ್ಲಿ ಹಂಪಿಯ ಜಿ20 ಸಭೆ ಹೊತ್ತಿಗೆ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನಿಸ್ ದಾಖಲೆ ಸೇರಿತು. ಅವರ ಕಷ್ಟವೆಲ್ಲ ತೀರಿತು ಅಂತಲ್ಲ. ಆದರೆ ಅಲ್ಲಿ ಸಮುದಾಯದ ಹೆಸರನ್ನು ಮರೆಮಾಡಿ ಮಾರಲಿಲ್ಲ, ಹೆಸರೇ ಬೆಲೆ ತಂದಿತು. ಒಬ್ಬೊಬ್ಬರೇ ಕೂತಿದ್ರೆ ಆಗದ್ದು ಗುಂಪಾಗಿ ಕೂತಾಗ ಆಯ್ತು.

ನಾನು ಆಫೀಸಲ್ಲಿ ಫೈಲು ನೋಡೋ ಗುಮಾಸ್ತ. ಅದಕ್ಕೇ ಒಂದು ಮಾತು ಹೇಳ್ತೀನಿ. ಕಾರ್ಯಾಗಾರ, ತರಬೇತಿ, ಜಯಂತಿ ಅಂದರೆ ಇಲಾಖೆಗಳು ಬ್ಯಾಗು, ಫೋಲ್ಡರ್ ಕೊಳ್ತವೆ. ಮೂರು ಕೊಟೇಶನ್, ಜಿಎಸ್‌ಟಿ ನಂಬರು ಕೇಳ್ತಾರೆ, ಸಿಟಿಯ ಸಪ್ಲೈಯರ್‌ಗೆ ಆರ್ಡರ್ ಹೋಗುತ್ತೆ. ರಾಜ್ಯದೊಳಗೇ ಸರಕು ಮಾರುವ ಸಣ್ಣವರಿಗೆ ವರ್ಷದ ವಹಿವಾಟು 40 ಲಕ್ಷ ದಾಟೋವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೇ ಕಡ್ಡಾಯ ಅಲ್ಲ. ಕಾನೂನು ಕೇಳದ ನಂಬರನ್ನು ಆಫೀಸು ಯಾಕೆ ಕೇಳಬೇಕು? ಎಸ್‌ಸಿ, ಎಸ್‌ಟಿ ಮಹಿಳಾ ಸಂಘಗಳಿಂದಲೇ ಇಷ್ಟು ಪಾಲು ಕೊಳ್ಳಬೇಕು ಅಂತ ಒಂದು ಆದೇಶ ಬಂದರೆ, ನೂರು ಮಷೀನ್ ಹಂಚಿದ್ದಕ್ಕಿಂತ ಹೆಚ್ಚು ಮನೆಗಳಲ್ಲಿ ಒಲೆ ಉರಿಯುತ್ತೆ.

ಮನೆಯಲ್ಲಿ ಕೂತು ದುಡಿಯೋರನ್ನು ಕಾರ್ಮಿಕರು ಅಂತ ಒಪ್ಪುವ ಐಎಲ್‌ಒ ಒಪ್ಪಂದ 1996ರಲ್ಲೇ ಬಂದಿದೆ, ಭಾರತ ಇನ್ನೂ ಅಂಗೀಕರಿಸಿಲ್ಲ. ಅದಕ್ಕೂ ದನಿ ಎತ್ತಬೇಕು. ಅಲ್ಲಿವರೆಗೆ ಇರೋದನ್ನಾದರೂ ಪಡೆಯೋಣ. ಕಾರ್ಮಿಕ ಇಲಾಖೆಯ 'ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ' ಯೋಜನೆಯಲ್ಲಿ ಟೈಲರ್‌ಗಳೂ ಬರ್ತಾರೆ. ಇ-ಶ್ರಮ್ ಕಾರ್ಡೂ ಇದೆ. ಅರ್ಜಿ ತುಂಬೋಕೆ ಓದಿದ ಹುಡುಗರು ಒಂದು ಭಾನುವಾರ ಕೇರಿಯಲ್ಲಿ ಕೂತರೆ ಸಾಕು.

ಕೊನೆಗೆ ನಮ್ಮವರಿಗೇ ಒಂದು ಪ್ರಶ್ನೆ. ಏಪ್ರಿಲ್ 14ಕ್ಕೆ ನೀಲಿ ಶಾಲು, ಬಾವುಟ, ಬ್ಯಾಗು ಎಲ್ಲಿಂದ ತರ್ತೀವಿ? ಹೋಲ್‌ಸೇಲ್ ಅಂಗಡಿಯಿಂದ. ನಮ್ಮ ಅಕ್ಕತಂಗಿಯರ ಮಷೀನ್ ಆ ವಾರ ಸುಮ್ಮನೆ ಕೂತಿರುತ್ತೆ. ಈ ಸಲ ಎರಡು ತಿಂಗಳು ಮೊದಲೇ ಕೇರಿಯ ಹೆಣ್ಣುಮಕ್ಕಳಿಗೆ ಆರ್ಡರ್ ಕೊಡಿ. ಅರ್ಧ ದುಡ್ಡು ಮುಂಗಡ ಕೊಡಿ, ಚೌಕಾಸಿ ಬೇಡ. "ನಮ್ಮ ಹುಡುಗೀನೇ ಅಲ್ವಾ, ಬಿಟ್ಟು ಮಾಡಮ್ಮ" ಅನ್ನೋ ಮಾತು ಮೊದಲು ಬಿಡಿ. ಹೊಲಿದವರ ಹೆಸರು, ಊರಿನ ಹೆಸರು ಇರೋ ಸಣ್ಣ ಪಟ್ಟಿಯನ್ನು ಚೀಲದ ಒಳಗಲ್ಲ, ಹೊರಗೆ ಹೊಲಿಸಿ. ಕೊಳ್ಳೋರು ಓದಲಿ.

ಜೈಭೀಮ್.